ಕತ್ತಲಕ್ಕನ ಹಳದಿ ಹಾಳೆ

ಬೀದಿದೀಪಗಳು ಇನ್ನೂ ಆರಿಲ್ಲ. ಕ್ಯಾನ್ಸರ್ ಆಸ್ಪತ್ರೆಯ ಹಿಂಬಾಗಿಲಲ್ಲಿ ಕಾವಲುಗಾರ ಕುರ್ಚಿಯ ಮೇಲೆಯೇ ತೂಕಡಿಸುತ್ತಿದ್ದಾನೆ. ಹೆಂಗಸೊಬ್ಬರು ಗೋಡೆಯ ಪಕ್ಕ ಹಿಡಿದುಕೊಂಡು ಸರಸರನೆ ನಡೆದು ಬರುತ್ತಾರೆ. ಕುತ್ತಿಗೆಯವರೆಗೆ ಗುಂಡಿ ಹಾಕಿದ ಉದ್ದನೆಯ ಕೋಟು, ಕೈಗೆ ದಪ್ಪ ಬಟ್ಟೆಯ ಗವಸು, ತಲೆಗೂ ಮುಖಕ್ಕೂ ಸುತ್ತಿದ ಕಪ್ಪು ಬಟ್ಟೆ, ಕಂಕುಳಲ್ಲಿ ಅಗಲವಾದ ಕೊಡೆ. ಮಳೆಯ ಸುಳಿವಿಲ್ಲ, ಚಳಿಯೂ ಇಲ್ಲ. ಕಾವಲುಗಾರ ಕಣ್ಣು ಬಿಡದೆಯೇ, "ಇವತ್ತೂ ಸೂರ್ಯನ್ನ ಸೋಲಿಸಿದ್ರಿ ಬಿಡಿ," ಎನ್ನುತ್ತಾನೆ.

"ಸೋಲಿಸೋದೆಲ್ಲಿ ಬಂತಪ್ಪ. ಕಣ್ಣು ತಪ್ಪಿಸ್ಕೊಂಡು ಬಂದೆ, ಅಷ್ಟೆ."

ನೆಲಮಹಡಿಯ ಓಣಿಯ ತುದಿಯಲ್ಲಿ ಕಿಟಕಿಯೇ ಇಲ್ಲದ ಒಂದು ಕೋಣೆಯಿದೆ. ಮೊದಲು ಮುರಿದ ಮಂಚ, ಹರಿದ ಹಾಸಿಗೆಗಳನ್ನು ತುಂಬಿಡುತ್ತಿದ್ದ ಜಾಗ. ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡು, ದೀಪ ಹಚ್ಚದೆ ಒಂದು ಸ್ಟೂಲಿನ ಮೇಲೆ ಸುಮ್ಮನೆ ಕೂರುತ್ತಾರೆ. ಕಣ್ಣು ಕತ್ತಲೆಗೆ ಒಗ್ಗಿದ ಮೇಲೆ ಬೆಳಕಿನ ಕಳ್ಳಗಿಂಡಿಗಳು ಒಂದೊಂದಾಗಿ ಕಾಣತೊಡಗುತ್ತವೆ. ಬೀಗದ ತೂತಿನಲ್ಲಿ ಒಂದು ಚುಕ್ಕೆ. ಹೊಸಿಲಿನ ಕೆಳಗೆ ಕೂದಲೆಳೆಯಷ್ಟು ಗೆರೆ. ಎ.ಸಿ. ಪೈಪು ಗೋಡೆ ಹೊಕ್ಕ ಕಡೆ ಉಗುರಿನಷ್ಟು ಬಿಳುಪು. ಬೀಗದ ತೂತಿಗೆ ಹತ್ತಿ, ಹೊಸಿಲಿಗೆ ಸುರುಳಿ ಸುತ್ತಿದ ಕಂಬಳಿ, ಪೈಪಿನ ಸುತ್ತ ಕಪ್ಪು ಟೇಪು. ಎಲ್ಲ ಮುಚ್ಚಿದ ಮೇಲೆಯೇ ಅವರು ಕೈಗವಸು ತೆಗೆಯುವುದು. ನಿಟ್ಟುಸಿರಿನ ಸದ್ದೊಂದು ಕೇಳಿಸುತ್ತದೆ. ಅವರ ದಿನ ಶುರುವಾಗುವುದು ಹೀಗೆ.

ರೋಗಿಗಳು ಅವರಿಗೆ ಇಟ್ಟಿರುವ ಹೆಸರು ಕತ್ತಲಕ್ಕ. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿದೆ, ಆ ಹೆಸರಿನಲ್ಲಿ ಯಾರೂ ಕರೆಯುವುದಿಲ್ಲ. ಕೆಲಸ ವಾರ್ಡಿನ ಆಯಾ. ಈ ಕೋಣೆಗೆ ಬರುವವರು ಚರ್ಮದ ಕ್ಯಾನ್ಸರಿನವರು, ಕೆಲವೊಮ್ಮೆ ಅನ್ನನಾಳದವರು. ಗಾಯಕ್ಕೆ ಒಂದು ಮುಲಾಮು ಹಚ್ಚುತ್ತಾರೆ, ಇಲ್ಲವೆ ಔಷಧ ಕುಡಿಸುತ್ತಾರೆ. ಅದು ಒಳಗೆ ಕೆಲಸ ಮಾಡಲು ಕೆಲವು ಗಂಟೆ ಬೇಕು. ಅಷ್ಟು ಹೊತ್ತು ಬೆಳಕು ತಾಕಬಾರದು. ಆಮೇಲೆ ಹೊತ್ತು ನೋಡಿ, ಜಾಗ ನೋಡಿ, ಬೇಕಾದಷ್ಟೇ ಬೆಳಕು ಬಿಡುತ್ತಾರೆ. ಕೆಟ್ಟ ಜೀವಕೋಶ ಆ ಬೆಳಕಿನಲ್ಲಿ ತನ್ನೊಳಗಿನಿಂದಲೇ ಸುಟ್ಟುಹೋಗುತ್ತದೆ. ಬೆಳಕು ಬಿಡುವುದು ಡಾಕ್ಟರ ಕೆಲಸ. ಅಲ್ಲಿಯವರೆಗೆ ಕತ್ತಲೆಯನ್ನು ಕಾಯುವುದು ಕತ್ತಲಕ್ಕನ ಕೆಲಸ.

ಇವತ್ತಿನ ಮೊದಲ ರೋಗಿ ಒಬ್ಬ ಗಾರೆ ಮೇಸ್ತ್ರಿ. ವಯಸ್ಸಾದ ಮನುಷ್ಯ. ಜೀವಮಾನವೆಲ್ಲ ಬಿಸಿಲಲ್ಲಿ ಸಾರುವೆಯ ಮೇಲೆ ನಿಂತು ದುಡಿದವರು. ಮೂಗಿನ ಪಕ್ಕದಲ್ಲಿ, ಕಣ್ಣಿಗೆ ತೀರಾ ಹತ್ತಿರ, ವಾಸಿಯಾಗದ ಹುಣ್ಣೊಂದು ಎದ್ದಿದೆ. ಕತ್ತರಿಸಿದರೆ ಅರ್ಧ ಮೂಗು ಹೋಗುತ್ತದೆ, ಕಣ್ಣಿನ ರೆಪ್ಪೆಯೂ ಹೋಗಬಹುದು. ಅದಕ್ಕೇ ಈ ದಾರಿ. ಮುಲಾಮು ಹಚ್ಚಿ, ಮೇಲೆ ಕಪ್ಪು ಪಟ್ಟಿ ಅಂಟಿಸಿದ ಮೇಲೆ ಕತ್ತಲಕ್ಕ ಅವರ ಕೈ ಹಿಡಿದು ಬೆಂಚಿಗೆ ಕರೆತಂದು ಕೂರಿಸುತ್ತಾರೆ.

"ಇಷ್ಟು ಕತ್ತಲೇಲಿ ನಾನು ಹೆಂಡ್ತಿ ಕೈ ಕೂಡ ಹಿಡ್ದೋನಲ್ಲ ತಾಯಿ," ಎನ್ನುತ್ತಾರೆ ಮೇಸ್ತ್ರಿ.

"ಹಿಡಿದಿದ್ರೆ ಇಷ್ಟೊತ್ತಿಗೆ ಅವರೂ ಪಕ್ಕದಲ್ಲಿ ಕೂತಿರ್ತಿದ್ರು. ಪಟ್ಟಿ ಮುಟ್ಟಬೇಡಿ."

ಕತ್ತಲೆಯಲ್ಲಿ ಕೂರುವುದು ಸುಲಭವಲ್ಲ. ಕಾಯಿಲೆಯ ಹೆದರಿಕೆಗೆ ಕತ್ತಲೆಯೂ ಜೊತೆಯಾದರೆ ಕೆಲವರು ಎದ್ದು ಬಾಗಿಲ ಕಡೆ ಓಡಿಬಿಡುತ್ತಾರೆ. ಅಂಥವರಿಗೆ ಕತ್ತಲಕ್ಕ ಮೆಲುದನಿಯಲ್ಲಿ ಪದ್ಯ ಹೇಳುತ್ತಾರೆ. ಅವರ ತಾಯಿಗೆ ಎಷ್ಟೋ ಪದ್ಯಗಳು ಬಾಯಿಗೆ ಬರುತ್ತಿದ್ದವು. ಮಧ್ಯಾಹ್ನದ ಹೊತ್ತು ಕಿಟಕಿಗೆ ಗೋಣಿ ಕಟ್ಟಿದ ಕೋಣೆಯಲ್ಲಿ ಇಬ್ಬರು ಮಕ್ಕಳನ್ನು ಅಕ್ಕಪಕ್ಕ ಮಲಗಿಸಿಕೊಂಡು, ಒದ್ದೆ ಬಟ್ಟೆಯಿಂದ ಕೈಕಾಲು ಒರೆಸುತ್ತಾ ಹೇಳುತ್ತಿದ್ದರಂತೆ. ಅರ್ಥ ಆಗ ತಿಳಿಯುತ್ತಿರಲಿಲ್ಲ. ಸಾಲು ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ ಎಂದು ಕಾಯುವಷ್ಟರಲ್ಲಿ ಉರಿ ಸ್ವಲ್ಪ ಮರೆತುಹೋಗುತ್ತಿತ್ತು. ಇವತ್ತು ಮೇಸ್ತ್ರಿಗೂ ಅವೇ ಸಾಲುಗಳು. ಅವರು ಸುಮ್ಮನಾಗಿ ಕೇಳುತ್ತಾರೆ. ನಡುವೆ ಒಮ್ಮೆ, ಆ ಸಾಲು ಮತ್ತೊಮ್ಮೆ ಹೇಳು ಎನ್ನುತ್ತಾರೆ.

ಆ ಇಬ್ಬರು ಮಕ್ಕಳಲ್ಲಿ ಒಬ್ಬರು ಕತ್ತಲಕ್ಕ, ಇನ್ನೊಬ್ಬರು ಅವರ ಅಣ್ಣ. ಬಿಸಿಲಿಗೆ ಹೋದರೆ ಇಬ್ಬರಿಗೂ ಕೈ, ಮುಖ, ಪಾದ ಉರಿಯುತ್ತಿದ್ದವು. ಮೊದಲು ನವೆ, ಆಮೇಲೆ ಸೂಜಿ ಚುಚ್ಚಿದ ಹಾಗೆ, ಆಮೇಲೆ ಕಾದ ಎಣ್ಣೆ ಸುರಿದ ಹಾಗೆ. ಅದು ರಾತ್ರಿಯಿಡೀ ಇರುತ್ತಿತ್ತು, ಮರುದಿನವೂ ಬಿಡುತ್ತಿರಲಿಲ್ಲ. ನೋಡಿದರೆ ಚರ್ಮದ ಮೇಲೆ ಹೇಳಿಕೊಳ್ಳುವಂಥದ್ದು ಏನೂ ಕಾಣುತ್ತಿರಲಿಲ್ಲ. ಶಾಲೆಯಲ್ಲಿ ಮೇಷ್ಟ್ರು, ಆಟದ ಹೊತ್ತಿಗೇ ಇವರಿಬ್ಬರಿಗೂ ಉರಿ ಬರುತ್ತದೆ ಎಂದು ನಗಾಡಿ ಬಯಲಲ್ಲಿ ನಿಲ್ಲಿಸಿದ್ದರು. ನೆಂಟರು, ಹುಡುಗಿಗೆ ಮೈಗಳ್ಳತನ ಎಂದರು. ಮಕ್ಕಳ ಮಾತನ್ನು ನಂಬಿದವರು ತಾಯಿ ಒಬ್ಬರೇ.

"ಗಾಯ ಕಾಣಿಸಿದ್ರೆ ಜನ ಅಯ್ಯೋ ಅಂತಾರೆ," ಎನ್ನುತ್ತಾರೆ ಕತ್ತಲಕ್ಕ. "ಕಾಣಿಸದಿದ್ರೆ ನಾಟಕ ಅಂತಾರೆ. ನಾವು ನಾಟಕದೋರಾಗೇ ಬೆಳೆದ್ವಿ."

ಮನೆಯೊಳಗೆ ಕೂತು ಮಾಡುವ ಕೆಲಸ ಹುಡುಕುತ್ತಾ ಅಣ್ಣ ಅಚ್ಚುಮನೆಯೊಂದರಲ್ಲಿ ರಾತ್ರಿ ಪಾಳಿ ಹಿಡಿದರು. ತಂಗಿ ಮೊದಲು ಹೊಲಿಗೆ ಕಲಿತರು, ಆಮೇಲೆ ಈ ಆಸ್ಪತ್ರೆಯಲ್ಲಿ ನೆಲ ಒರೆಸಲು ಸೇರಿದರು. ಬಸ್ ಡಿಪೋದ ಮೆಕ್ಯಾನಿಕ್ ಒಬ್ಬರು ಎಲ್ಲ ತಿಳಿದೇ ಮದುವೆಯಾದರು. ಮದುವೆಯ ಫೋಟೋದಲ್ಲಿ ಮದುಮಗಳು ಮೋಡವಿದ್ದರೂ ಕೊಡೆ ಹಿಡಿದು ನಿಂತಿದ್ದಾರೆ. "ನನ್ನ ಮುಖ ಕಾಣದ ಹಾಗೆ ಆವತ್ತೇ ಅಡ್ಡ ಹಿಡಿದವಳು," ಎಂದು ಗಂಡ ಇವತ್ತಿಗೂ ಛೇಡಿಸುತ್ತಾರೆ. ಮನೆಯ ಕಿಟಕಿಗಳಿಗೆ ಸುಡುವ ಬೆಳಕನ್ನು ತಡೆಯುವ ಹಳದಿ ಹಾಳೆ ಅಂಟಿಸಿದವರೂ ಅವರೇ.

ಕಾಯಿಲೆಗೊಂದು ಹೆಸರಿದೆ ಎಂದು ಕತ್ತಲಕ್ಕನಿಗೆ ಗೊತ್ತಾದದ್ದು ತುಂಬ ತಡವಾಗಿ. ಒಂದು ದಿನ ಕಿಟಕಿಯ ಬದಿ ನೆಲ ಒರೆಸಿದ ಮೇಲೆ ಅವರು ಎರಡೂ ಕೈಗಳನ್ನು ಬಕೆಟ್ಟಿನ ತಣ್ಣೀರಿನಲ್ಲಿ ಅದ್ದಿಕೊಂಡು ಕೂತಿದ್ದರು. ಚರ್ಮದ ವಿಭಾಗದ ಡಾಕ್ಟರಮ್ಮ ಹಾದುಹೋಗುವಾಗ ನೋಡಿ ನಿಂತರು. ಯಾಕಮ್ಮ ಎಂದು ಕೇಳಿದರು. ಹಾಗೆ ಕೇಳಿ, ಉತ್ತರಕ್ಕೆ ಕಾದು ನಿಂತವರಲ್ಲಿ ತಾಯಿಯ ನಂತರ ಅವರೇ ಮೊದಲಿಗರು. ರಕ್ತ ತೆಗೆದು ನೀಲಿ ದೀಪದ ಕೆಳಗೆ ಇಟ್ಟಾಗ ಅದು ಕೆಂಡದ ಹಾಗೆ ಹೊಳೆಯಿತು.

ಡಾಕ್ಟರಮ್ಮ ಇದನ್ನು ಬಿಡಿಸಿ ಹೇಳುತ್ತಾರೆ. ರಕ್ತವನ್ನು ಕೆಂಪಾಗಿಸುವ, ಉಸಿರನ್ನು ಮೈಯೆಲ್ಲ ಹೊತ್ತೊಯ್ಯಲು ಬೇಕಾದ ವಸ್ತುವಿಗೆ ಹೀಮ್ ಎಂದು ಹೆಸರು. ಪ್ರತಿ ಜೀವಕೋಶದಲ್ಲೂ ಅದನ್ನು ತಯಾರಿಸುವ ಒಂದು ಸಾಲು ಇದೆ. ಆ ಸಾಲಿನಲ್ಲಿ ಕಿಣ್ವಗಳೆಂಬ ಕೆಲಸಗಾರರು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಸರಕನ್ನು ದಾಟಿಸುತ್ತಾ ಹೋಗುತ್ತಾರೆ. ಸರಕು ಕೊನೆಗೆ ಬಳೆಯ ಆಕಾರಕ್ಕೆ ಬರುತ್ತದೆ; ಕೊನೆಯ ಕೆಲಸಗಾರ ಆ ಬಳೆಯೊಳಗೆ ಕಬ್ಬಿಣದ ಒಂದು ಕಣ ಕೂರಿಸಿದರೆ ಅದು ಹೀಮ್ ಆಯಿತು. ಹೀಮ್ ಸಾಕಷ್ಟಾದಾಗ, ಇನ್ನು ಸಾಕು ಎಂಬ ಸುದ್ದಿ ತಾನಾಗಿ ಮೊದಲ ಕೆಲಸಗಾರನಿಗೆ ಮುಟ್ಟುತ್ತದೆ, ಅವನು ಕೈ ನಿಲ್ಲಿಸುತ್ತಾನೆ. ಕ್ಯಾನ್ಸರಿನ ಮುಲಾಮು ಆ ಮೊದಲನೆಯವನನ್ನು ಕೇಳುವುದೇ ಇಲ್ಲ. ಅವನ ಬೆನ್ನ ಹಿಂದಿನಿಂದ ಸರಕು ತಂದು ಸುರಿಯುತ್ತದೆ. ಸರಕು ಕೊನೆಯವನ ಮುಂದೆ ಬಂದು ಬೀಳುತ್ತದೆ. ಕ್ಯಾನ್ಸರ್ ಕೋಶದಲ್ಲಿ ಆ ಕೊನೆಯವನ ಕೈ ನಿಧಾನ. ಕಬ್ಬಿಣ ಕೂರದ ಬಳೆಗಳು ರಾಶಿ ಬೀಳುತ್ತವೆ. ಬೆಳಕು ತಾಕಿದರೆ ಆ ರಾಶಿಯೇ ಬೆಂಕಿ.

"ಕತ್ತಲಕ್ಕನ ರಕ್ತದಲ್ಲಿ ಆ ಕೊನೆಯವನ ಕೈ ಹುಟ್ಟಿನಿಂದಲೇ ಸಾಲದು," ಎನ್ನುತ್ತಾರೆ ಡಾಕ್ಟರಮ್ಮ. "ಮೇಸ್ತ್ರಿಯ ಮೂಗಿನ ಮೇಲೆ ನಾವು ಕೆಲವು ಗಂಟೆಗೆ ಮಾಡೋದು, ಇವರಿಗೆ ಮೈಯೆಲ್ಲ, ಜೀವಮಾನ ಪೂರ್ತಿ ಆಗಿದೆ."

ಆ ವರ್ಷವೇ ಅವರು ನೆಲ ಒರೆಸುವ ಕೆಲಸ ಬಿಡಿಸಿ ಕತ್ತಲೆಕೋಣೆಗೆ ಹಾಕಿಸಿದರು. ಇವರಿಗೆ ಬಿಸಿಲು ತಪ್ಪಿತು. ರೋಗಿಗಳಿಗೂ ಉರಿಯೆಂದರೆ ಏನೆಂದು ಬಲ್ಲವರೊಬ್ಬರು ಸಿಕ್ಕಿದರು. ಔಷಧ ಕುಡಿದವರನ್ನು ಮನೆಗೆ ಕಳಿಸುವಾಗ ಕತ್ತಲಕ್ಕ ತಮ್ಮ ಕೈಯಾರೆ ಬಟ್ಟೆ ಸುತ್ತಿಕೊಡುತ್ತಾರೆ. ಕಿಟಕಿಯ ಗಾಜನ್ನು ನಂಬಬೇಡಿ, ಅಂಗಡಿಯಲ್ಲಿ ಸಿಗುವ ಬಿಸಿಲು ಕ್ರೀಮನ್ನೂ ನಂಬಬೇಡಿ, ಬಟ್ಟೆಯೊಂದನ್ನೇ ನಂಬಿ ಎಂದು ಹೇಳಿ ಕಳಿಸುತ್ತಾರೆ.

ಅಷ್ಟರಲ್ಲಿ ಮೇಸ್ತ್ರಿಯ ಹೊತ್ತು ಬಂತು. ಡಾಕ್ಟರಮ್ಮ ಪಟ್ಟಿ ಬಿಚ್ಚಿ ನೀಲಿ ದೀಪ ಹಿಡಿಯುತ್ತಾರೆ. ಆ ದೀಪ ಕತ್ತಲಕ್ಕನಿಗೆ ಆಗದು. ಅವರು ದಪ್ಪ ಪರದೆಯ ಹಿಂದೆ ನಿಂತು ಸಂದಿಯಿಂದ ಒಂದು ಕಣ್ಣಷ್ಟೇ ಹಾಕುತ್ತಾರೆ. ಮೇಸ್ತ್ರಿಯ ಮೂಗಿನ ಪಕ್ಕ ಹುಣ್ಣಿನ ಆಕಾರದಲ್ಲಿಯೇ ಕೆಂಪು ಹೊಳಪು ಏಳುತ್ತದೆ. ಅಂಚು ಎಲ್ಲಿಯವರೆಗೆ ಹರಡಿದೆ ಎಂದು ಬರಿಗಣ್ಣಿಗೆ ತಿಳಿಯದ್ದು ಈಗ ಗೆರೆ ಎಳೆದ ಹಾಗೆ ಕಾಣುತ್ತಿದೆ. ಚೆನ್ನಾಗಿ ಹಿಡಿದಿದೆ ಎನ್ನುತ್ತಾರೆ ಡಾಕ್ಟರಮ್ಮ. ಆಮೇಲೆ ಹುಣ್ಣಿನ ಆಳಕ್ಕಿಳಿದು ಸುಡುವ ಜೋರಾದ ಕೆಂಪು ದೀಪ. ನೋವು ಇಲ್ಲ ಎಂದು ಕತ್ತಲಕ್ಕ ಯಾರಿಗೂ ಸುಳ್ಳು ಹೇಳುವುದಿಲ್ಲ. ಗವಸು, ಬಟ್ಟೆ ಎಲ್ಲ ಹಾಕಿಕೊಂಡು ಬಂದು ಮೇಸ್ತ್ರಿಯ ಮಣಿಕಟ್ಟು ಹಿಡಿಯುತ್ತಾರೆ. ಈಗ ಇರುವೆ ಹರಿದ ಹಾಗೆ ಆಗುತ್ತದೆ, ಈಗ ಬೆಂಕಿ ಬರುತ್ತದೆ, ತಡೆದುಕೊಳ್ಳಿ ಎಂದು ಮುಂಚೆಯೇ ಹೇಳುತ್ತಾ ಹೋಗುತ್ತಾರೆ. ಮೇಸ್ತ್ರಿ ಹಲ್ಲು ಕಚ್ಚಿಕೊಂಡು ಕಾಲಿನ ಹೆಬ್ಬೆರಳನ್ನು ನೆಲಕ್ಕೆ ಒತ್ತುತ್ತಾರೆ. ಕಣ್ಣಿಂದ ನೀರು ಇಳಿಯುತ್ತದೆ.

ಎಲ್ಲ ಮುಗಿದು ಸುಧಾರಿಸಿಕೊಂಡ ಮೇಲೆ ಮೇಸ್ತ್ರಿ ಕೇಳುತ್ತಾರೆ. "ಮುಂದಿನ ಸಲ ಬಂದಾಗ ನೀನಿರ್ತೀಯಲ್ಲ ತಾಯಿ?"

ಕತ್ತಲಕ್ಕ ಅವರ ಮುಖಕ್ಕೆ ಬಟ್ಟೆ ಸುತ್ತತೊಡಗುತ್ತಾರೆ. ಕತ್ತಲಕ್ಕನ ಕಣ್ಣಿನ ಬಿಳಿ ಭಾಗ ಹಳದಿಯಾಗಿದೆ. ಬರುವ ಸೋಮವಾರ ಅವರಿಗೇ ಆಪರೇಷನ್.

ಕಬ್ಬಿಣ ಕೂರದ ಆ ಬಳೆಗಳು ಮೈಯಿಂದ ಹೊರಗೆ ಹೋಗುವುದು ಪಿತ್ತದ ದಾರಿಯಲ್ಲಿ. ಹೋಗುತ್ತಾ ಹೋಗುತ್ತಾ ಪಿತ್ತಕೋಶದಲ್ಲಿ ಕಲ್ಲಾಗುತ್ತವೆ, ಯಕೃತ್ತಿನಲ್ಲೂ ಉಳಿದು ಅದನ್ನು ಗಡುಸು ಮಾಡುತ್ತವೆ. ಕತ್ತಲಕ್ಕನಿಗೆ ಎರಡೂ ಆಗಿದೆ. ಸಣ್ಣ ತೂತುಗಳಿಂದಲೇ ಕಲ್ಲು ತೆಗೆಯಲು ನೋಡುತ್ತೇವೆ, ಆಗದಿದ್ದರೆ ಹೊಟ್ಟೆ ತೆರೆಯಬೇಕಾಗುತ್ತದೆ ಎಂದು ಸರ್ಜನ್ ಹೇಳಿದ್ದಾರೆ. ಕಲ್ಲು ಹೋದರೂ ಯಕೃತ್ತಿನ ಮಾತು ಬೇರೆ. ಅದರ ಬಗ್ಗೆ ಡಾಕ್ಟರಮ್ಮ ಭರವಸೆ ಕೊಟ್ಟಿಲ್ಲ, ಕತ್ತಲಕ್ಕ ಕೇಳಿಯೂ ಇಲ್ಲ.

ಅವರ ಹೆದರಿಕೆ ಬೇರೆಯದು. ಅಣ್ಣನಿಗೂ ಇದೇ ಆಗಿತ್ತು. ಕಾಯಿಲೆಗೆ ಹೆಸರೇ ಗೊತ್ತಿಲ್ಲದ ಕಾಲ. ಕಣ್ಣು ಹಳದಿಯಾಗಿ, ಹೊಟ್ಟೆನೋವು ತಡೆಯಲಾರದೆ ಇನ್ನೊಂದು ಊರಿನ ಆಸ್ಪತ್ರೆ ಸೇರಿದರು. ಬಿಸಿಲಿಗೆ ಆಗದ ಮಗ ಎಂದು ತಾಯಿ ಆಪರೇಷನ್ ಥಿಯೇಟರಿನ ಬಾಗಿಲವರೆಗೂ ಜೊತೆಗೇ ಹೋದರು. ಅಲ್ಲಿನ ನರ್ಸ್‌ಗಳನ್ನು ಕಾಡಿ ಬೇಡಿ ಮಗನ ಮುಖಕ್ಕೂ ಎರಡು ಕೈಗಳಿಗೂ ಬಟ್ಟೆ ಸುತ್ತಿಸಿ ಒಳಗೆ ಕಳಿಸಿದರು. ಹುಟ್ಟಿದಾಗಿನಿಂದ ಉರಿದದ್ದು ಮುಖ ಮತ್ತು ಕೈ ತಾನೆ. ದೊಡ್ಡ ದೀಪಗಳ ಕೆಳಗೆ ಹೊಟ್ಟೆ ಗಂಟೆಗಟ್ಟಲೆ ತೆರೆದಿತ್ತು. ಹೊರಗೆ ತಂದಾಗ ಮುಖ ಸರಿಯಾಗಿತ್ತು, ಕೈ ಸರಿಯಾಗಿದ್ದವು. ಹೊಲಿಗೆಯ ಸುತ್ತ ಚರ್ಮ ಬೆಂದು ಹೋಗಿತ್ತು, ಒಳಗೂ ಬೆಂದಿತ್ತು. ಯಾಕೆಂದು ಅಲ್ಲಿ ಯಾರಿಗೂ ತಿಳಿಯಲಿಲ್ಲ. ಹೊಲಿಗೆ ಕೂಡಲಿಲ್ಲ, ಅಣ್ಣ ಮನೆಗೆ ಬರಲಿಲ್ಲ.

"ಯಾರನ್ನ ಬಯ್ಯೋದು? ಅವರಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ," ಎನ್ನುತ್ತಾರೆ ಕತ್ತಲಕ್ಕ. ಆಮೇಲೆ ಇನ್ನೊಂದು ಮಾತು ಸೇರಿಸುತ್ತಾರೆ. "ಅಮ್ಮ ಸಾಯೋವರೆಗೂ ಒಂದೇ ಮಾತು ಹೇಳ್ತಿದ್ರು. ಚೆನ್ನಾಗೇ ಸುತ್ತಿದ್ದೆ ಕಣೆ, ಎಲ್ಲೂ ಸಂದಿ ಬಿಟ್ಟಿರಲಿಲ್ಲ, ಅಂತ."

ಥಿಯೇಟರಿನ ಬಿಳಿ ದೀಪದಲ್ಲಿ ಇವರಂಥವರನ್ನು ಸುಡುವುದು ಮುಖ್ಯವಾಗಿ ನೇರಳೆ, ನೀಲಿ ಬೆಳಕು. ಗಾಢ ಹಳದಿ ಹಾಳೆ ಅದನ್ನು ತಡೆಯುತ್ತದೆ. ಡಾಕ್ಟರಮ್ಮ ಅಂಥ ಹಾಳೆಯ ಒಂದು ಸುರುಳಿ ತರಿಸಿಕೊಟ್ಟಿದ್ದಾರೆ. ಥಿಯೇಟರಿನ ದೀಪ ಹೂವಿನ ದಳಗಳ ಹಾಗೆ ಬಿಡಿಬಿಡಿಯಾಗಿದೆ. ಒಂದೊಂದು ದಳಕ್ಕೂ ಒಂದೊಂದು ಹಾಳೆಯನ್ನು ಬಿಗಿಯಾಗಿ ಕೂರಿಸಬೇಕು. ಕತ್ತಲಕ್ಕ ಮೊದಲು ದಿನಪತ್ರಿಕೆಯಲ್ಲಿ ಮಾದರಿ ಕತ್ತರಿಸಿಕೊಂಡರು, ಹೊಲಿಗೆಯವರು ರವಿಕೆಗೆ ಮಾಡುವಂತೆ. ಕೆಲವು ದಿನಗಳಿಂದ ಕತ್ತಲೆಕೋಣೆಯ ಬಿಡುವಿನಲ್ಲಿ ಅದೇ ಕೆಲಸ.

ಇವತ್ತು ಮಧ್ಯಾಹ್ನ ಆ ಹಾಳೆಗಳನ್ನು ಹಾಕಿ ನೋಡುವ ದಿನ. ಒಪ್ಪಿಗೆ ಸುಲಭಕ್ಕೆ ಸಿಕ್ಕಿಲ್ಲ. ಥಿಯೇಟರಿನ ಹಿರಿಯ ಸಿಸ್ಟರ್ ಕಟ್ಟುನಿಟ್ಟಿನ ಹೆಂಗಸು. ತೆರೆದ ಹೊಟ್ಟೆಯ ಮೇಲೆ ಏನಾದರೂ ಕಳಚಿ ಬಿದ್ದರೆ, ಅದರ ಧೂಳು ಉದುರಿದರೆ ಯಾರು ಹೊಣೆ ಎಂದು ಕೇಳಿದ್ದರು. ಅದು ಸರಿಯಾದ ಪ್ರಶ್ನೆಯೇ. ಅದಕ್ಕೇ ಹಾಳೆಯನ್ನು ಅಂಟಿಸದೆ, ಔಷಧದಲ್ಲಿ ತೊಳೆದು, ದೀಪದ ಹಿಂಬದಿಗೆ ಮಡಿಸಿ, ಕಟ್ಟಿ, ಮೇಲೆ ಕ್ಲಿಪ್ಪು ಹಾಕುವುದೆಂದು ಆಗಿದೆ.

ನೆಲಮಾಳಿಗೆಯ ದಾರಿಯಲ್ಲಿ ಕತ್ತಲಕ್ಕ ಥಿಯೇಟರಿಗೆ ಬರುತ್ತಾರೆ. ಹಾಳೆ ಕಟ್ಟಿದ ದೀಪ ಹತ್ತುತ್ತದೆ. ಕೋಣೆಯೆಲ್ಲ ಹಳದಿ. ಸರ್ಜನ್ ತಟ್ಟೆಯೊಂದರಲ್ಲಿ ಬಣ್ಣಬಣ್ಣದ ದಾರದ ತುಂಡುಗಳನ್ನು ಹರಡಿಕೊಂಡು ಬಗ್ಗಿ ನೋಡುತ್ತಾರೆ. ನೀಲಿ ದಾರ ಕಪ್ಪಾಗಿದೆ. ಹಳದಿಗೂ ಬಿಳಿಗೂ ವ್ಯತ್ಯಾಸವೇ ಇಲ್ಲ. ಒಳಗೆ ರಕ್ತನಾಳ ಯಾವುದು, ಪಿತ್ತ ಸೋರಿದ್ದು ಎಲ್ಲಿ ಎಂದು ಅವರು ತಿಳಿಯುವುದು ಬಣ್ಣ ನೋಡಿಯೇ. ಅವರು ಮುಖ ಗಂಟಿಕ್ಕಿಕೊಂಡು ತುಂಬ ಹೊತ್ತು ನೋಡಿ, ಕೊನೆಗೆ ನೇರವಾಗಿ ಹೇಳುತ್ತಾರೆ.

"ನೋಡಮ್ಮ, ನಿನಗೆ ಸುಳ್ಳು ಹೇಳಲ್ಲ. ರಕ್ತ ಹರಿದು ನನಗೆ ಜಾಗ ಕಾಣ್ಲಿಲ್ಲ ಅಂದ್ರೆ ಹಾಳೆ ತೆಗೆಸಿಬಿಡ್ತೀನಿ."

ಕತ್ತಲಕ್ಕ ಆಗಲೇ ಬಲಗೈಯ ಗವಸು ಬಿಚ್ಚಿದ್ದಾರೆ. ಮೊಣಕೈಯವರೆಗೆ ತೋಳು ಮಡಿಸಿ, ಮೇಜಿನ ಮೇಲೆ, ಹೊಟ್ಟೆ ಬರುವ ಜಾಗದಲ್ಲಿ ಬರಿಗೈಯನ್ನು ಚಾಚಿ ಇಡುತ್ತಾರೆ. ಯಾರೂ ಇಡಲು ಹೇಳಿರಲಿಲ್ಲ. ಹಾಳೆಯಿಲ್ಲದಿದ್ದರೆ ಇಷ್ಟೊತ್ತಿಗೆ ಇರುವೆ ಹರಿಯಬೇಕಿತ್ತು. ಸರ್ಜನ್ ದಾರ ನೋಡುವುದನ್ನು ಬಿಟ್ಟು ಆ ಕೈಯನ್ನೇ ನೋಡುತ್ತಾರೆ. ಡಾಕ್ಟರಮ್ಮ ಗೋಡೆಗೆ ಒರಗಿದ್ದಾರೆ. ಹೊತ್ತು ಹೋಗುತ್ತದೆ. ಒಮ್ಮೆ ಕತ್ತಲಕ್ಕನ ಬೆರಳು ಅದುರಿದಾಗ ಎಲ್ಲರೂ ಮುಂದೆ ಬಾಗುತ್ತಾರೆ. "ಏನಿಲ್ಲ, ಜೋಮು ಹಿಡೀತು," ಎನ್ನುತ್ತಾರೆ ಅವರು. ಒಂದು ಕಡೆ, ಮಣಿಕಟ್ಟಿನ ಹೊರಬದಿಯಲ್ಲಿ, ಕೊನೆಗೂ ನವೆ ಶುರುವಾಗುತ್ತದೆ. ಕತ್ತಲಕ್ಕ ತಲೆಯೆತ್ತಿ ದೀಪ ನೋಡುತ್ತಾರೆ. ಅಂಚಿನ ದಳವೊಂದರಲ್ಲಿ ಮಡಿಕೆ ಜಾರಿ ನೂಲಿನಷ್ಟು ಬಿಳಿ ಬೆಳಕು ಸೋರುತ್ತಿದೆ.

"ಅಲ್ಲಿ ಸಂದಿ ಬಿಟ್ಟಿದ್ದೀನಿ," ಎನ್ನುತ್ತಾರೆ.

ಹಿರಿಯ ಸಿಸ್ಟರ್ ಸ್ಟೂಲು ಎಳೆದುಕೊಂಡು ಹತ್ತಿ, ತಾವೇ ಮಡಿಕೆ ಎಳೆದು ಕ್ಲಿಪ್ಪು ಹಾಕುತ್ತಾರೆ. ಇಳಿಯುವಾಗ ಸರ್ಜನ್ ಕಡೆ ತಿರುಗಿ, ಸೋಮವಾರ ದೀಪದ ಹತ್ತಿರ ತಾವೇ ನಿಲ್ಲುವುದಾಗಿ, ತೆಗೆಯಿರಿ ಎಂದಾಗ ತೆಗೆಯುವುದಾಗಿ ಹೇಳುತ್ತಾರೆ. ಆಮೇಲೆ ಕತ್ತಲಕ್ಕನ ಕಡೆ ನೋಡಿ ಒಂದು ಮಾತು ಸೇರಿಸುತ್ತಾರೆ. "ಮತ್ತೆ ಹಾಕಿ ಅಂತ ಇವರು ಹೇಳೋವರೆಗೂ ಕಾಯಲ್ಲ. ಜಾಗ ಕಂಡ ತಕ್ಷಣ ನಾನೇ ಹಾಕ್ತೀನಿ."

ಕತ್ತಲಕ್ಕ ಗವಸು ಹಾಕಿಕೊಂಡು, ಗವಸಿನ ಕೈಗಳನ್ನೇ ಜೋಡಿಸಿ ಮುಗಿಯುತ್ತಾರೆ.

ಸಂಜೆ ಕತ್ತಲೆಕೋಣೆಯಲ್ಲಿ ಅವರೊಬ್ಬರೇ. ಮಂದ ಹಳದಿ ಬಲ್ಬಿನ ಕೆಳಗೆ ಮೇಜಿನ ಮೇಲೆ ಸುರುಳಿ ಬಿಚ್ಚಿ, ಪತ್ರಿಕೆಯ ಮಾದರಿಗಳನ್ನು ಇಟ್ಟು, ಕತ್ತರಿ ಆಡಿಸುತ್ತಿದ್ದಾರೆ. ಅಂಚಿನ ದಳಕ್ಕೆ ಈ ಸಲ ಎರಡು ಬೆರಳು ಹೆಚ್ಚು ಬಿಟ್ಟಿದ್ದಾರೆ. ಹೊರಗೆ ಸೂರ್ಯ ಮುಳುಗಲು ಇನ್ನೂ ಹೊತ್ತಿದೆ, ಅಲ್ಲಿಯವರೆಗೆ ಮನೆಗೆ ಹೋಗುವಂತಿಲ್ಲ. ಸೂರ್ಯನ ಮೇಲೆ ಕೋಪ ಬರುವುದಿಲ್ಲವೇ ಎಂದರೆ ನಗುತ್ತಾರೆ. ದೊಡ್ಡವರು ಎದುರಾದರೆ ದೂರ ನಿಂತು ಕೈ ಮುಗಿಯುವುದಿಲ್ಲವೇ, ಹಾಗೆಯೇ ಇದೂ ಎನ್ನುತ್ತಾರೆ. ಮೇಸ್ತ್ರಿಗೆ ಕೊಡದ ಉತ್ತರ ಅವರನ್ನು ಕೊರೆಯುತ್ತಿದೆ. ತಮ್ಮ ಬದಲಿಗೆ ಬರುವ ಆಯಾಗೆ ಬೀಗದ ತೂತು, ಹೊಸಿಲು, ಪೈಪು ತೋರಿಸಿದ್ದಾರೆ. ಪದ್ಯ ಕಲಿಸಲು ಮಾತ್ರ ಪುರುಸೊತ್ತಾಗಲಿಲ್ಲ.

ಸೋಮವಾರಕ್ಕೆ ಬೇಕಾದ ಹಾಳೆಗಳು ಥಿಯೇಟರಿನಲ್ಲೇ ಇವೆ. ಹಾಗಾದರೆ ಇವು ಯಾರಿಗೆ ಎಂದು ಕೇಳಿದಾಗ ಕತ್ತರಿ ನಿಲ್ಲುತ್ತದೆ.

"ಇದು ಇನ್ನೊಂದು ಜೊತೆ. ನಾನು ಎದ್ದು ಬರ್ತೀನೋ ಇಲ್ವೋ, ಅದು ದೇವರಿಗೆ ಬಿಟ್ಟಿದ್ದು. ನಮ್ಮಂಥೋರು ಇನ್ಯಾರಾದ್ರೂ ಬರ್ತಾರಲ್ಲ, ಅವರ ಅಮ್ಮನೂ ಮುಖ ಕೈ ಸುತ್ತಿ ಬಾಗಿಲಲ್ಲಿ ನಿಂತಿರ್ತಾರೆ. ಆವಾಗ ಹುಡುಕಾಡೋ ಹಾಗಾಗಬಾರದು. ಬಿಸಾಡಬೇಡಿ ಅಂತ ಸಿಸ್ಟರ್‌ಗೆ ಹೇಳಿದ್ದೀನಿ."